ವಿಲ್ಹೆಲ್ಮ್ ಹಿಸ್

ವಿಲ್ಹೆಲ್ಮ್ ಹಿಸ್ (1831-1904) ಸ್ವಿಟ್ಜರ್ಲೆಂಡಿನ ಅಂಗರಚನಾ ವಿಜ್ಞಾನಿ ಹಾಗೂ ಭ್ರೂಣವಿಜ್ಞಾನಿ. ಮಾನವ ಭ್ರೂಣದ ಬೆಳವಣಿಗೆಯನ್ನು, ಅದರಲ್ಲೂ ಮುಖ, ಮೂಗು, ನಾಲಗೆ, ಕಿವಿ ಮತ್ತು ಗಂಟಲುಗಳು ರೂಪುಗೊಳ್ಳುವ ಕ್ರಮವನ್ನು ನೇರ ವೀಕ್ಷಣೆಯಿಂದ ವ್ಯವಸ್ಥಿತವಾಗಿ ವಿವರಿಸಿದವರಲ್ಲಿ ಈತ ಮೊದಲಿಗ. ಹೃದಯದ ಹಿಸ್ ಕಟ್ಟು ಎಂಬ ರಚನೆಗೆ ಹೆಸರು ಬಂದದ್ದು ಈತನಿಂದಲ್ಲ. ಅದನ್ನು 1893ರಲ್ಲಿ ವರ್ಣಿಸಿದವನು ಇದೇ ಹೆಸರಿನ ಈತನ ಮಗ.

ಜೀವನ

ಹಿಸ್ 1831ರ ಜುಲೈ 9ರಂದು ಬಾಸೆಲ್ ನಗರದಲ್ಲಿ ಜನಿಸಿದ. ಬಾಸೆಲ್, ಬರ್ನ್, ಬರ್ಲಿನ್ ಮತ್ತು ವೂರ್ಟ್ಸ್‌ಬರ್ಗ್‌ಗಳಲ್ಲಿ ವೈದ್ಯಶಾಸ್ತ್ರ ಅಭ್ಯಸಿಸಿದ. ಬರ್ಲಿನ್ನಿನಲ್ಲಿ ಯೊಹಾನ್ನೆಸ್ ಮ್ಯೂಲರ್ ಮತ್ತು ರಾಬರ್ಟ್ ರೆಮಾಕ್, ವೂರ್ಟ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ವಿರ್ಕೊ ಮತ್ತು ಆಲ್ಬರ್ಟ್ ಕೊಲಿಕರ್ ಈತನ ಗುರುಗಳು. 1854ರಲ್ಲಿ ವೈದ್ಯಪದವಿ ಪಡೆದು, 1857ರಲ್ಲಿ ಬಾಸೆಲ್ ವಿಶ್ವವಿದ್ಯಾಲಯದ ಅಂಗರಚನೆ ಮತ್ತು ಶರೀರಕ್ರಿಯಾ ವಿಜ್ಞಾನಗಳ ಪ್ರಾಧ್ಯಾಪಕನಾದ. 1872ರಲ್ಲಿ ಜರ್ಮನಿಯ ಲೀಪ್‌ಜಿಗ್‌ಗೆ ತೆರಳಿ ಕೊನೆಯವರೆಗೂ ಅಲ್ಲಿಯೇ ಅಂಗರಚನಾ ಪ್ರಾಧ್ಯಾಪಕನಾಗಿದ್ದ. ಜೀವಕೋಶದ ಕೇಂದ್ರದಿಂದ ನ್ಯೂಕ್ಲಿನ್ ವಸ್ತುವನ್ನು ಬೇರ್ಪಡಿಸಿದ ಫ್ರೆಡ್ರಿಕ್ ಮೀಷರ್ ಈತನ ಸೋದರಳಿಯ. ಮೀಷರ್ ತೀರಿಕೊಂಡ ಬಳಿಕ ಆತನ ಬರಹಗಳನ್ನು ಹಿಸ್ 1897ರಲ್ಲಿ ಸಂಗ್ರಹಿಸಿ ಪ್ರಕಟಿಸಿದ.

ಅಧ್ಯಯನ ವಿಧಾನ

ಗರ್ಭದ ಮೊದಲ ಎರಡು ತಿಂಗಳ ಮಾನವ ಭ್ರೂಣ ತೀರ ಚಿಕ್ಕದು. ಕೈಯಿಂದ ಕೊಯ್ದು ಅದರ ಒಳರಚನೆಯನ್ನು ತಿಳಿಯುವುದು ಅಸಾಧ್ಯವಾಗಿತ್ತು. ಈ ತೊಡಕನ್ನು ನಿವಾರಿಸಲು ಹಿಸ್ 1866ರ ವೇಳೆಗೆ ಮೈಕ್ರೊಟೋಮ್ ಯಂತ್ರವೊಂದನ್ನು ರೂಪಿಸಿದ. ಅದರಿಂದ ಭ್ರೂಣವನ್ನು ತೆಳುವಾದ, ಒಂದೇ ಸಮನಾದ ಪದರಗಳಾಗಿ ಸಾಲಾಗಿ ಕತ್ತರಿಸಬಹುದಾಗಿತ್ತು. ಕತ್ತರಿಸುವ ಮುನ್ನ ಇಡೀ ಭ್ರೂಣದ ಚಿತ್ರ ಬರೆಯುವುದು, ಅನಂತರ ಪ್ರತಿ ಪದರವನ್ನೂ ಹಿಗ್ಗಿಸಿ ರೇಖಿಸುವುದು, ಆ ರೇಖೆಗಳ ನೆರವಿನಿಂದ ಭ್ರೂಣವನ್ನು ದೊಡ್ಡ ಗಾತ್ರದಲ್ಲಿ ಮತ್ತೆ ಕಟ್ಟುವುದು ಈತನ ಕ್ರಮ. ಈತನ ಸಂಶೋಧನೆಯನ್ನು ಆಧರಿಸಿ ಫ್ರೈಬರ್ಗ್‌ನ ಝೀಗ್ಲರ್ ಕಾರ್ಯಾಗಾರದಲ್ಲಿ ತಯಾರಾದ ಮೇಣದ ಮಾದರಿಗಳು ಅನೇಕ ದೇಶಗಳ ವೈದ್ಯಶಾಲೆಗಳನ್ನು ತಲುಪಿದವು.

ಭ್ರೂಣಗಳು ದೊರೆಯುತ್ತಿದ್ದುದು ಬಹುಪಾಲು ಗರ್ಭಸ್ರಾವಗಳಿಂದ. ಪರಿಚಿತ ವೈದ್ಯರು ಅವುಗಳನ್ನು ಕಳುಹಿಸುತ್ತಿದ್ದರು. ಹಲವು ಭ್ರೂಣಗಳು ಕೆಟ್ಟಿರುತ್ತಿದ್ದವು ಅಥವಾ ಸಹಜವಾಗಿ ಬೆಳೆದಿರುತ್ತಿರಲಿಲ್ಲ. ಆದ್ದರಿಂದ ಯಾವುದು ಸಹಜ, ಯಾವುದು ವಿಕೃತ ಎಂಬುದನ್ನು ಹೋಲಿಕೆಯಿಂದಲೇ ನಿರ್ಧರಿಸಬೇಕಾಗಿತ್ತು. ಹೀಗೆ ಆಯ್ದ ಭ್ರೂಣಗಳನ್ನು ಬೆಳವಣಿಗೆಯ ಕ್ರಮದಲ್ಲಿ ಜೋಡಿಸಿ, ಮಾನವ ಭ್ರೂಣಗಳ ಅಂಗರಚನೆಯನ್ನು ಕುರಿತ ಮೂರು ಭಾಗಗಳ ಗ್ರಂಥವನ್ನು ಹಿಸ್ 1880ರಿಂದ 1885ರವರೆಗೆ ಪ್ರಕಟಿಸಿದ.

ಮುಖ ಮತ್ತು ಗಂಟಲಿನ ಬೆಳವಣಿಗೆ

ನಾಲ್ಕನೆಯ ವಾರದ ಭ್ರೂಣದಲ್ಲಿ ಮುಂದೆ ಬಾಯಾಗುವ ತಗ್ಗಿನ ಸುತ್ತ ಐದು ಉಬ್ಬುಗಳಿರುತ್ತವೆ: ಮೇಲೆ ಹಣೆ-ಮೂಗಿನ ಉಬ್ಬು ಒಂದು, ಪಕ್ಕಗಳಲ್ಲಿ ಮೇಲುದವಡೆಯ ಉಬ್ಬುಗಳೆರಡು, ಕೆಳಗೆ ಕೆಳದವಡೆಯ ಉಬ್ಬುಗಳೆರಡು. ಐದನೆಯ ವಾರದಲ್ಲಿ ಮೂಗಿನ ಗುಳಿಗಳು ಆಳವಾಗಿ, ಪ್ರತಿಯೊಂದರ ಒಳಬದಿ ಮತ್ತು ಹೊರಬದಿಗಳಲ್ಲಿ ದಿಂಡುಗಳು ಏಳುತ್ತವೆ. ಒಳಬದಿಯ ದಿಂಡುಗಳು ಮೇಲುದವಡೆಯ ಉಬ್ಬುಗಳೊಡನೆ ಸೇರಿದಾಗ ಮೇಲ್ದುಟಿ ಪೂರ್ಣಗೊಳ್ಳುತ್ತದೆ. ಅಂಗುಳಿನ ಎರಡು ಪಾರ್ಶ್ವಗಳು ಇದಾದ ಮೇಲೆ ನಡುವಿನಲ್ಲಿ ಕೂಡಿಕೊಂಡು ಬಾಯಿಯನ್ನೂ ಮೂಗನ್ನೂ ಬೇರ್ಪಡಿಸುತ್ತವೆ.

ಈ ಕೂಡಿಕೆ ನಡೆಯದೆ ಹೋದರೆ ಸೀಳುತುಟಿ ಅಥವಾ ಸೀಳಂಗುಳ ಉಂಟಾಗುತ್ತದೆ ಎಂಬ ವಿವರಣೆ ಡರ್ಸಿ ಮತ್ತು ಹಿಸ್ ಇವರ ಸಿದ್ಧಾಂತವೆಂದು ಹೆಸರಾಗಿದೆ. ತಾಯಿ ಬಸುರಿನಲ್ಲಿ ಕಂಡ ನೋಟ, ಪಟ್ಟ ಭಯಗಳೇ ಇಂಥ ಊನಕ್ಕೆ ಕಾರಣವೆಂಬ ನಂಬಿಕೆ ಬಳಕೆಯಲ್ಲಿದ್ದ ಕಾಲದಲ್ಲಿ, ಬೆಳವಣಿಗೆಯ ನಿರ್ದಿಷ್ಟ ಘಟ್ಟವೊಂದು ಅಪೂರ್ಣವಾಗಿ ಉಳಿಯುವುದೇ ಕಾರಣವೆಂದು ಇದು ತೋರಿಸಿತು. ಉಬ್ಬುಗಳ ನಡುವಣ ತೋಡು ಒಳಗಿನ ಅಂಗಾಂಶ ತುಂಬಿಕೊಳ್ಳುವುದರಿಂದಲೂ ಮಾಯವಾಗುತ್ತದೆ ಎಂದು ನಂತರದ ಸಂಶೋಧಕರು ಇದನ್ನು ತಿದ್ದಿದ್ದಾರೆ.

ಕಿವಿಯ ಹಾಲೆ ಆರು ಚಿಕ್ಕ ಗುಬುಟುಗಳಿಂದ ರೂಪುಗೊಳ್ಳುತ್ತದೆಂದು ಹಿಸ್ ವರ್ಣಿಸಿದ. ಅವು ಇಂದಿಗೂ ಹಿಸ್ ಗುಬುಟುಗಳೆಂದೇ ಪ್ರಸಿದ್ಧ. ಥೈರಾಯ್ಡ್ ಗ್ರಂಥಿ ನಾಲಗೆಯ ಬುಡದಲ್ಲಿ ಮೊಳೆತು ಕತ್ತಿನೊಳಗೆ ಇಳಿಯುವ ದಾರಿಯನ್ನೂ ಈತ ಗುರುತಿಸಿದ. ಆ ನಾಳ ಮುಚ್ಚಿಹೋಗದೆ ಉಳಿದರೆ ಕತ್ತಿನ ನಡುವೆ ನೀರ್ಗಂಟು ಕಾಣಿಸಿಕೊಳ್ಳಬಹುದಾದ್ದರಿಂದ ಶಸ್ತ್ರವೈದ್ಯರಿಗೆ ಈ ತಿಳಿವಳಿಕೆ ಮುಖ್ಯವಾಯಿತು. 1868ರಲ್ಲಿ ಈತ ಕೋಳಿಯ ಭ್ರೂಣದಲ್ಲಿ ನರಕೊಳವೆಯ ಪಕ್ಕದ ಜೀವಕೋಶಪಟ್ಟಿಯೊಂದನ್ನು ವಿವರಿಸಿದ್ದ. ನರಶಿಖೆ ಎಂದು ಈಗ ಕರೆಯಲಾಗುವ ಆ ಕೋಶಗಳಿಂದಲೇ ಮುಖದ ಬಹುಪಾಲು ಎಲುಬು ಮತ್ತು ಮೃದ್ವಸ್ಥಿಗಳು ಬೆಳೆಯುತ್ತವೆ ಎಂಬುದು ತಿಳಿದದ್ದು ಬಹುಕಾಲದ ನಂತರ.

ಹೆಕೆಲನೊಡನೆ ವಿವಾದ

ಜೀವಿಯ ಭ್ರೂಣ ತನ್ನ ಪೂರ್ವಜರ ವಿಕಾಸದ ಹಂತಗಳನ್ನು ಪುನರಾವರ್ತಿಸುತ್ತದೆ ಎಂಬುದು ಅರ್ನ್ಸ್ಟ್ ಹೆಕೆಲನ ವಾದ. ಪೂರ್ವಜರ ಚರಿತ್ರೆ ಏನೇ ಇರಲಿ, ಭ್ರೂಣ ಆಕಾರ ತಳೆಯುವುದಕ್ಕೆ ತಕ್ಷಣದ ಭೌತಿಕ ಕಾರಣಗಳಿರಬೇಕೆಂದು ಹಿಸ್ ಪ್ರತಿಪಾದಿಸಿದ. ಅಸಮವಾಗಿ ಬೆಳೆಯುವ ಹಾಳೆ ಮಡಿಚಿಕೊಳ್ಳುವಂತೆ ಭ್ರೂಣದ ಪದರಗಳೂ ಮಡಿಚಿಕೊಳ್ಳುತ್ತವೆ ಎಂದು, ಬಾಗಿಸಿದ ರಬ್ಬರ್ ಕೊಳವೆಯಂಥ ಹೋಲಿಕೆಗಳ ಮೂಲಕ 1874ರ ತನ್ನ ಪುಸ್ತಕದಲ್ಲಿ ವಿವರಿಸಿದ. ಹೆಕೆಲ್ ಬೇರೆ ಬೇರೆ ಪ್ರಾಣಿಗಳ ಭ್ರೂಣಗಳಿಗೆ ಒಂದೇ ಚಿತ್ರವನ್ನು ಬಳಸಿದ್ದಾನೆ, ಚಿತ್ರಗಳನ್ನು ತಿದ್ದಿದ್ದಾನೆ ಎಂದೂ ಅದರಲ್ಲಿ ಆರೋಪಿಸಿದ. ಹೆಕೆಲ್ ಈ ಭೌತಿಕ ವಿವರಣೆಯನ್ನು ಗೇಲಿ ಮಾಡಿದನಾದರೂ, ಅಂಗಾಂಶಗಳ ಮಡಿಕೆ ಮತ್ತು ಒತ್ತಡಗಳ ಅಧ್ಯಯನ ಇಂದಿನ ಭ್ರೂಣವಿಜ್ಞಾನದ ಮುಖ್ಯ ಶಾಖೆಗಳಲ್ಲೊಂದು. ಮಾನವನದೆಂದು ಕ್ರೌಸ್ ಪ್ರಕಟಿಸಿದ್ದ ಭ್ರೂಣವೊಂದು ವಾಸ್ತವವಾಗಿ ಹಕ್ಕಿಯದೆಂದೂ ಹಿಸ್ ವಾದಿಸಿದ.

ಇತರ ಕೊಡುಗೆಗಳು

ಪ್ರತಿ ನರತಂತುವೂ ಒಂದೇ ನರಕೋಶದಿಂದ ಹೊರಚಾಚಿ ಬೆಳೆಯುತ್ತದೆ ಎಂದು ಹಿಸ್ 1886-87ರಲ್ಲಿ ತೋರಿಸಿದ. ಇದನ್ನು ರಾಸ್ ಹ್ಯಾರಿಸನ್ 1907ರಲ್ಲಿ ಪ್ರಯೋಗದಿಂದ ಸಮರ್ಥಿಸಿದ. ಡೆಂಡ್ರೈಟ್ ಮತ್ತು ಎಂಡೊಥೀಲಿಯಮ್ ಎಂಬ ಪದಗಳನ್ನು ಬಳಕೆಗೆ ತಂದವನೂ ಈತನೇ. ಅಂಗರಚನೆಯ ಪಾರಿಭಾಷಿಕ ಪದಗಳನ್ನು ಏಕರೂಪಗೊಳಿಸಿ 1895ರಲ್ಲಿ ಬಾಸೆಲ್‌ನಲ್ಲಿ ಅಂಗೀಕರಿಸಲಾದ ಪಟ್ಟಿಯ ಹಿಂದೆಯೂ ಈತನ ಶ್ರಮವಿದೆ.

ಲೀಪ್‌ಜಿಗ್‌ನ ಸೇಂಟ್ ಜಾನ್ ಚರ್ಚಿನ ಬಳಿ 1894ರಲ್ಲಿ ದೊರೆತ ಅಸ್ಥಿಪಂಜರ ಸಂಗೀತಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್‌ನದೇ ಎಂಬುದನ್ನು ಪರೀಕ್ಷಿಸುವ ಹೊಣೆ ಹಿಸ್‌ಗೆ ಬಂತು. ಶವಗಳ ಮುಖದ ಮೇಲಣ ಮಾಂಸದ ದಪ್ಪವನ್ನು ಹಲವೆಡೆ ಅಳೆದು, ಆ ಅಳತೆಗಳಂತೆ ತಲೆಬುರುಡೆಯ ಎರಕದ ಮೇಲೆ ಮುಖ ರಚಿಸಲು ಶಿಲ್ಪಿ ಕಾರ್ಲ್ ಸೆಫ್ನರನಿಗೆ ನೆರವಾದ. ಆ ಗುರುತಿನ ಬಗ್ಗೆ ಮುಂದೆ ಸಂದೇಹಗಳು ವ್ಯಕ್ತವಾದರೂ, ತಲೆಬುರುಡೆಯಿಂದ ಮುಖವನ್ನು ಮರುರಚಿಸುವ ವಿಧಾನಕ್ಕೆ ಈ ಅಳತೆಗಳು ತಳಹದಿಯಾದವು.

ನಿಧನ ಮತ್ತು ಪ್ರಭಾವ

ಹಿಸ್ 1904ರ ಮೇ 1ರಂದು ಲೀಪ್‌ಜಿಗ್‌ನಲ್ಲಿ ನಿಧನನಾದ. ಈತನ ಶಿಷ್ಯ, ಅಮೆರಿಕದ ಫ್ರಾಂಕ್ಲಿನ್ ಮಾಲ್, ಗುರುವಿನ ಮಾದರಿಯಲ್ಲೇ ಭ್ರೂಣಗಳನ್ನು ಸಂಗ್ರಹಿಸಿದ. ಆ ಸಂಗ್ರಹ ಬಾಲ್ಟಿಮೋರಿನ ಕಾರ್ನೆಗಿ ಭ್ರೂಣವಿಜ್ಞಾನ ವಿಭಾಗದಲ್ಲಿ ಬೆಳೆಯಿತು. ಮಾನವ ಭ್ರೂಣದ ಮೊದಲ ಎಂಟು ವಾರಗಳನ್ನು 23 ಹಂತಗಳಾಗಿ ವಿಂಗಡಿಸುವ ಇಂದಿನ ಪದ್ಧತಿ ರೂಪುಗೊಂಡದ್ದು ಅದರ ಆಧಾರದಿಂದ.