ನಂಜನಗೂಡಿನ ತಿರುಮಲಾಂಬ: ಗಡಿಯ ಮಕ್ಕಳಿಗೊಂದು ಚಿತ್ರದ ಕಥೆ

ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ ಆಡುತ್ತಾರೆ. ಅವರಿಗಾಗಿ ನಾನೊಂದು ಚಿತ್ರದ ಪುಸ್ತಕ ಬರೆಯಲು ಕುಂತಿದ್ದೇನೆ. ಎಡಕ್ಕೆ ಕನ್ನಡ, ಬಲಕ್ಕೆ ತೆಲುಗು, ಮೇಲೊಂದು ಬೊಮ್ಮೆ. ಹೊಲದ ಕೆಲಸ ತೀರಿದ ಮೇಲೆ ರಾತ್ರಿ ನಾಲ್ಕು ಸಾಲು ಆದರೆ ಅದೇ ಹೆಚ್ಚು. ಕಥೆ ನಂಜನಗೂಡು ತಿರುಮಲಾಂಬ ಅವರದು. ಕನ್ನಡದಲ್ಲಿ ಪತ್ರಿಕೆ ನಡೆಸಿದ ಹೆಣ್ಣುಮಕ್ಕಳ ಮಾತು ಬಂದಾಗ ಮೊದಲು ಹೇಳುವ ಹೆಸರು ಅದು.

ತೊಗರಿ ವ್ಯಾಪಾರದ ಗೆಳೆಯರೊಬ್ಬರು, ಎಲ್ಲಿಯ ಮೈಸೂರು ಸೀಮೆ, ಎಲ್ಲಿಯ ನಮ್ಮ ಕೃಷ್ಣಾ ದಂಡೆ, ನಮ್ಮ ಹುಡುಗರಿಗೂ ಆ ತಾಯಿಗೂ ಏನು ಸಂಬಂಧ ಎಂದು ಕೇಳಿದರು. ಸಂಬಂಧ ಅದ. ಕೇಳಿರಿ.

ತಿರುಮಲಾಂಬ ಹುಟ್ಟಿದ್ದು 1887ರ ಮಾರ್ಚ್ 25ರಂದು, ಕಪಿಲಾ ನದಿಯ ದಂಡೆಯ ನಂಜನಗೂಡಿನಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರರು ವಕೀಲರು. ಹತ್ತು ವರ್ಷಕ್ಕೇ ಮಗಳ ಲಗ್ನ ಆಯಿತು. ಕಾಯಿದೆ ಇರಲಿಲ್ಲವೇ ಎಂದರೆ ಇತ್ತು. 1894ರಲ್ಲೇ ಮೈಸೂರು ಸರ್ಕಾರ ಬಾಲ್ಯವಿವಾಹ ತಡೆಯಲು ಕಾನೂನು ತಂದಿತ್ತು. ಆದರೆ ಅದು ತಡೆದದ್ದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು. ಹತ್ತರ ಹುಡುಗಿಗೆ ಅದರಿಂದ ಯಾವ ಕಾಪೂ ಸಿಗಲಿಲ್ಲ. ಹದಿನಾಲ್ಕಕ್ಕೆ ಗಂಡ ತೀರಿಹೋದರು.

ಈ ಪುಟಕ್ಕೆ ಬಂದು ನನ್ನ ಪೆನ್ನು ನಿಂತಿತು. ಮಕ್ಕಳ ಪುಸ್ತಕ, ಇದನ್ನು ಯಾಕೆ ಹೇಳುತ್ತೀರಿ, ದಾಟಿಸಿಬಿಡಿ ಅಂದವರಿದ್ದಾರೆ. ನಾನು ದಾಟಿಸಲಿಲ್ಲ. ಹತ್ತು ವರ್ಷದ ಮೊಮ್ಮಗಳು ನನ್ನ ಮನೆಯಲ್ಲೇ ಇದ್ದಾಳೆ, ದಿನಾ ಸಾಲಿಗೆ ಹೋಗುತ್ತಾಳೆ. ಎಳೇ ವಯಸ್ಸಿನ ಲಗ್ನ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಪೂರ್ತಿ ನಿಂತಿಲ್ಲ, ಅದು ನಿಮಗೂ ಗೊತ್ತು, ನನಗೂ ಗೊತ್ತು. ಅಲ್ಲಿ ಹಾಕಿಸಬೇಕೆಂದಿರುವ ಚಿತ್ರ ಇಷ್ಟೇ: ಬಳೆ ಇಲ್ಲದ ಒಂದು ಚಿಕ್ಕ ಕೈ, ಪಕ್ಕದಲ್ಲೊಂದು ಪುಸ್ತಕ.

ಆ ಪುಸ್ತಕ ಕೊಟ್ಟವರು ತಂದೆ. ಮೂಲೆಯಲ್ಲಿ ಕುಳಿತು ಆಯುಷ್ಯ ಕಳೆಯಬೇಕಾಗಿದ್ದ ಮಗಳಿಗೆ ಅವರು ಓದಿನ ದಾರಿ ತೋರಿಸಿದರು. ನಮ್ಮ ತೆಲುಗು ಓದುಗರಿಗೆ ಇಲ್ಲಿ ಭಂಡಾರು ಅಚ್ಚಮಾಂಬ ನೆನಪಾಗಬೇಕು. ಆಕೆಗೆ ಅಕ್ಷರ ಹತ್ತಿದ್ದು ತಮ್ಮ ಕೊಮರ್ರಾಜು ಲಕ್ಷ್ಮಣರಾಯರಿಂದ. ಸಾಲಿ ಮಾಡದ ಕೆಲಸವನ್ನು ಅಲ್ಲಿ ತಮ್ಮ ಮಾಡಿದ, ಇಲ್ಲಿ ಅಪ್ಪ ಮಾಡಿದ.

1913ರಲ್ಲಿ ತಿರುಮಲಾಂಬ ಸತೀ ಹಿತೈಷಿಣಿ ಗ್ರಂಥಮಾಲೆ ಶುರು ಮಾಡಿದರು. ಸುಶೀಲೆ ಕಾದಂಬರಿ ಅದೇ ವರ್ಷದ್ದು. ಮಾತೃನಂದಿನಿ ಮುಂದೆ ಬಂತು. ನಾಟಕ ಬರೆದರು, ಪತ್ತೇದಾರಿ ಕಥೆಯನ್ನೂ ಬಿಡಲಿಲ್ಲ. 1917ರಲ್ಲಿ ಕರ್ನಾಟಕ ನಂದಿನಿ ಎಂಬ ಮಾಸಪತ್ರಿಕೆ ತೆಗೆದರು. ಆಮೇಲೆ ಸನ್ಮಾರ್ಗದರ್ಶಿನಿ.

ಬರೆಯುವವರು ಆಗಲೂ ಇದ್ದರು. ಆದರೆ ಬರೆದದ್ದನ್ನು ತಾನೇ ಅಚ್ಚು ಹಾಕಿಸಿ, ತಾನೇ ಮಾರುವ ಧೈರ್ಯ ಎಷ್ಟು ಜನಕ್ಕೆ? ನಾವು ಒಕ್ಕಲಿಗರು, ನಮಗಿದು ಬೇಗ ತಿಳಿಯುತ್ತದೆ. ಬೆಳೆ ನಮ್ಮದು, ತಕ್ಕಡಿ ಮತ್ತೊಬ್ಬರದು. ಈ ತಾಯಿ ಬೆಳೆಯನ್ನೂ ತೆಗೆದರು, ತಕ್ಕಡಿಯನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಲೇಖಕಿ ಅವರೇ, ಸಂಪಾದಕಿ ಅವರೇ, ಪ್ರಕಾಶಕಿಯೂ ಅವರೇ.

ಆ ಹೊತ್ತೂ ಸಣ್ಣ ಹೊತ್ತಲ್ಲ. 1917ರಲ್ಲಿ ಮೊದಲ ಮಹಾಯುದ್ಧ ನಡೆದಿತ್ತು, ಕಾಗದದ ರೇಟು ಏರಿತ್ತು. ಕೊಳ್ಳುವವರಾದರೂ ಎಲ್ಲಿದ್ದರು? ಮೈಸೂರು ಸಂಸ್ಥಾನದಲ್ಲೇ ನೂರು ಹೆಣ್ಣುಮಕ್ಕಳಲ್ಲಿ ಓದು ಬಲ್ಲವರು ಒಬ್ಬಿಬ್ಬರು. ನಮ್ಮ ನಿಜಾಮ್ ಸೀಮೆಯಲ್ಲಿ ನೂರಕ್ಕೆ ಒಬ್ಬಳೂ ಇರಲಿಲ್ಲ. ಅಂಥ ದಿನದಲ್ಲಿ ಹೆಣ್ಣುಮಕ್ಕಳಿಗೆಂದೇ ಪತ್ರಿಕೆ ಹಾಕುವುದು ಮಳೆಗೆ ಮುಂಚೆ ಒಣನೆಲಕ್ಕೆ ಬೀಜ ಬಿಟ್ಟಂತೆ. ನಾವೂ ಬಿಡುತ್ತೇವೆ, ಹಣೆಬರಹ ನೋಡೋಣ ಅಂತ. ಅವರು ಹಣೆಬರಹ ನೆಚ್ಚಿ ಕೂರಲಿಲ್ಲ, ಮನೆಯಲ್ಲೇ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಅಕ್ಷರ ಕಲಿಸಿದರು. ಓದುಗರನ್ನೂ ತಾವೇ ಬೆಳೆಸಿದರು ಅನ್ನಿ.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ತಿರುಮಲಾಂಬ ಬೆಂಕಿಯಂಥ ಬಂಡಾಯಗಾರ್ತಿಯಲ್ಲ. ಗ್ರಂಥಮಾಲೆಯ ಹೆಸರು ನೋಡಿದರೇ ಗೊತ್ತಾಗುತ್ತದೆ, ಪತಿವ್ರತೆ, ಸದ್ಗೃಹಿಣಿ, ಧರ್ಮ, ಇವೇ ಅವರ ಬರಹದ ಜೀವಾಳ. ಇಂದಿನ ಹುಡುಗಿಯರು ಓದಿದರೆ ಕೆಲವು ಕಡೆ ಮುಖ ಸಿಂಡರಿಸಬಹುದು. ನನಗೂ ಕೆಲವು ಒಪ್ಪಲಾಗುವುದಿಲ್ಲ. ಆದರೂ ಹೆಣ್ಣಿಗೆ ವಿದ್ಯೆ ಬೇಕು ಎಂಬಲ್ಲಿ ಅವರು ಒಂದು ಹೆಜ್ಜೆಯೂ ಹಿಂದೆ ಸರಿದವರಲ್ಲ. ಹಳೆಯ ಮಾತನ್ನೇ ಆಡಿದರೂ ಆಡಿದ್ದು ಸ್ವಂತ ಪತ್ರಿಕೆಯಲ್ಲಿ.

ಹಿಂದೆಯೇ ಮತ್ತೊಬ್ಬರು ಬಂದರು. 1921ರಲ್ಲಿ ಬೆಂಗಳೂರಿನ ಆರ್. ಕಲ್ಯಾಣಮ್ಮ ಸರಸ್ವತಿ ಪತ್ರಿಕೆ ತೆಗೆದು ನಾಲ್ಕು ದಶಕ ನಡೆಸಿದರು. ಅವರೂ ಬಾಲವಿಧವೆಯೇ. ನಮ್ಮ ಗದ್ವಾಲ ಸೀಮೆಯ ಸುರವರಂ ಪ್ರತಾಪರೆಡ್ಡಿಯವರು ಹೈದರಾಬಾದಿನಲ್ಲಿ ಗೋಲ್ಕೊಂಡ ಪತ್ರಿಕೆ ಆರಂಭಿಸಿದ್ದು 1926ರಲ್ಲಿ. ಉರ್ದುವಿನ ದರ್ಬಾರಿನಲ್ಲಿ ತೆಲುಗು ಪತ್ರಿಕೆ ನಡೆಸುವ ಕಷ್ಟ ಏನೆಂದು ಅವರ ಕಥೆ ಕೇಳಿ ಬೆಳೆದ ನಮಗೆ ಹೇಳಿಕೊಡಬೇಕಿಲ್ಲ. ಅದಕ್ಕೂ ಒಂಬತ್ತು ವರ್ಷ ಮೊದಲು ನಂಜನಗೂಡಿನ ವಿಧವೆಯೊಬ್ಬಳು ಅದೇ ಹೆಗಲ ಭಾರ ಹೊತ್ತಿದ್ದಳು. ತೊಗರಿ ಗೆಳೆಯರಿಗೆ ನಾನು ಹೇಳಿದ ಸಂಬಂಧ ಇದೇ.

ಆಮೇಲಿನ ಕಥೆ ಚಿತ್ರ ಬಿಡಿಸಲು ಕಷ್ಟ, ಯಾಕೆಂದರೆ ಅದು ಮೌನದ ಕಥೆ. ಪತ್ರಿಕೆಗಳು ನಿಂತವು. ಹೊಸ ಸಾಹಿತ್ಯ ಬಂತು, ಹೊಸ ವಿಮರ್ಶಕರು ಬಂದರು, ಅವರ ಪುಸ್ತಕಗಳು ಕಪಾಟಿನ ಹಿಂದಕ್ಕೆ ಸರಿದವು. ದಶಕಗಟ್ಟಲೆ ಅವರು ಬರೆಯಲಿಲ್ಲ, ಜನ ಮರೆತರು. ಆದರೆ ತಿರುಮಲಾಂಬ ಬದುಕಿದ್ದರು! 1982ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತೈದು. ಸುಶೀಲೆ ಬಂದು ಆಗ ಅರವತ್ತೊಂಬತ್ತು ವರ್ಷ ಆಗಿತ್ತು. ಅವರನ್ನು ಮತ್ತೆ ನೆನಪಿಗೆ ತಂದವರಲ್ಲಿ ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಕಾಲೇಜಿನ ಪ್ರಾಂಶುಪಾಲರಾಗಿದ್ದ ಸಿ. ಎನ್. ಮಂಗಳಾ ಮುಖ್ಯರು. ಅಲ್ಲಿಯ ಶಾಶ್ವತಿ ಸಂಸ್ಥೆ ತಿರುಮಲಾಂಬ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಕೊಡುತ್ತಾ ಬಂತು.

ಕನ್ನಡದ ಪುಟಗಳು ನನ್ನ ಹತ್ತಿರ ತಯಾರಿವೆ, ತೆಲುಗು ಅರ್ಧ ಆಗಿದೆ. ಬೊಮ್ಮೆ ಬರೆಯುವವರು ಮಾತ್ರ ಇನ್ನೂ ಸಿಕ್ಕಿಲ್ಲ. ನಾರಾಯಣಪೇಟೆಯಲ್ಲಾಗಲಿ ಗದ್ವಾಲದಲ್ಲಾಗಲಿ ಸೀರೆಯ ಅಂಚಿಗೆ ನಕ್ಷೆ ಬರೆಯುವವರು ಯಾರಾದರೂ ಆ ಚಿಕ್ಕ ಕೈಯನ್ನು ಬರೆದುಕೊಡುವುದಾದರೆ, ಸೋಮವಾರ ಬಿಟ್ಟು ಯಾವ ದಿನ ಬಂದರೂ ನಾನು ಹೊಲದಲ್ಲೇ ಇರುತ್ತೇನೆ.