ಸರ್ಟಿಫಿಕೇಟ್ ಸುಟ್ಟ ವಿನೋಬಾ, ಸೇನೆಗೆ ಹೋಗದ ನಾನು

ಮದ್ದೂರು ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯವರಿಗೆ ನನ್ನ ಹೆಸರು ಮಾತ್ರವಲ್ಲ, ನನ್ನ ಎಸ್ಸೆಸ್ಸೆಲ್ಸಿ ಅಂಕಗಳೂ ಬಾಯಿಪಾಠ. ಎರಡು ವರ್ಷದಿಂದ ತಿಂಗಳಿಗೊಂದು ಅರ್ಜಿ ಹಾಕುತ್ತಿದ್ದೇನೆ. ಪ್ರತಿ ಅರ್ಜಿಗೂ ಅಂಕಪಟ್ಟಿ, ಜಾತಿ-ಆದಾಯ, ಗ್ರಾಮೀಣ, ಕನ್ನಡ ಮಾಧ್ಯಮ ಎಂದು ಎಲ್ಲದರ ಎರಡೆರಡು ಪ್ರತಿ. ಮೂಲ ಪ್ರತಿಗಳನ್ನು ಅಮ್ಮ ಬೀರುವಿನಲ್ಲಿ, ಒಡವೆ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದಾಳೆ. ಇಂಥ ಮನೆಯಲ್ಲಿ ಬೆಳೆದ ನನಗೆ, ಹುಡುಗನೊಬ್ಬ ತನ್ನ ಸರ್ಟಿಫಿಕೇಟುಗಳನ್ನೆಲ್ಲ ತಾಯಿಯ ಕಣ್ಣೆದುರೇ ಒಲೆಗೆ ಹಾಕಿದ ಎಂದು ಓದಿದಾಗ ಎದೆ ಧಸಕ್ಕೆಂದಿತು.

ಆ ಹುಡುಗ ವಿನಾಯಕ ನರಹರಿ ಭಾವೆ. ಮುಂದೆ ವಿನೋಬಾ ಭಾವೆ ಎಂದು ಹೆಸರಾದವರು. 1895ರ ಸೆಪ್ಟೆಂಬರ್ 11ರಂದು ಕೊಂಕಣದ ಗಾಗೋದೆ ಎಂಬ ಹಳ್ಳಿಯಲ್ಲಿ ಹುಟ್ಟಿ, ಬರೋಡದಲ್ಲಿ ಓದಿದರು. ತಾಯಿ ರುಕ್ಮಿಣಿ ಕರ್ನಾಟಕದ ಕಡೆಯವರು. ಮಗನ ಕಿವಿಗೆ ಮರಾಠಿ ಅಭಂಗಗಳ ಜೊತೆ ಕನ್ನಡದ ಹಾಡುಗಳೂ ಬಿದ್ದಿದ್ದವು. ಸರ್ಟಿಫಿಕೇಟುಗಳು ಉರಿಯುತ್ತಿದ್ದಾಗ ಆ ತಾಯಿ ಬೈಯಲಿಲ್ಲವಂತೆ. ಈಗ ಬೇಡದಿದ್ದರೂ ಇಟ್ಟುಕೊಂಡಿದ್ದರೆ ನಷ್ಟವೇನಿತ್ತು ಎಂದಷ್ಟೇ ಕೇಳಿದರು. ನಮ್ಮಮ್ಮ ಆಗಿದ್ದರೆ ಒಲೆಯ ಕೊಳ್ಳಿಯೇ ನನ್ನ ಬೆನ್ನಿಗೆ ಬೀಳುತ್ತಿತ್ತು. 1916ರ ಮಾರ್ಚಿನಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆ ಬರೆಯಲು ಮುಂಬೈ ರೈಲು ಹತ್ತಿದ ವಿನೋಬಾ ಸೂರತ್ತಿನಲ್ಲಿ ಇಳಿದು ಕಾಶಿಯ ದಾರಿ ಹಿಡಿದರು. ಅಲ್ಲಿದ್ದಾಗ ಗಾಂಧೀಜಿಯವರ ಭಾಷಣವೊಂದರ ವಿಷಯ ತಿಳಿದು, ಅವರಿಗೆ ಕಾಗದ ಬರೆದರು. ಅದೇ ವರ್ಷ ಜೂನ್ 7ರಂದು ಅಹಮದಾಬಾದಿನ ಕೋಚರಬ್ ಆಶ್ರಮದಲ್ಲಿ ಇಬ್ಬರ ಭೇಟಿಯಾಯಿತು. ಅಲ್ಲಿಂದ ಮುಂದೆ ನೂಲುವುದು, ನೇಯುವುದು, ಕಕ್ಕಸು ತೊಳೆಯುವುದು, ಓದುವುದು. 1921ರಲ್ಲಿ ವಾರ್ಧಾ ಆಶ್ರಮದ ಹೊಣೆ ಬಂತು. ಇಪ್ಪತ್ತು ವರ್ಷ ಪತ್ರಿಕೆಗಳಲ್ಲಿ ಹೆಸರು ಕಾಣದಂಥ ಬದುಕು.

ನಾನು ವಿನೋಬಾ ಅವರನ್ನು ಓದಲು ಕೂತದ್ದು ಪರೀಕ್ಷೆಗಾಗಿ. ವೈಯಕ್ತಿಕ ಸತ್ಯಾಗ್ರಹ 1940, ಮೊದಲ ಸತ್ಯಾಗ್ರಹಿ ವಿನೋಬಾ, ಎರಡನೆಯವರು ನೆಹರೂ. ಒಂದು ಅಂಕದ ಪ್ರಶ್ನೆ. ಕೋಚಿಂಗ್ ನೋಟ್ಸಿನಲ್ಲಿ ಇದ್ದುದು ಅಷ್ಟೇ. ಯಾವುದಕ್ಕಾಗಿ ಸತ್ಯಾಗ್ರಹ ಎಂದು ಹುಡುಕಿದಾಗ ಉತ್ತರ ನನ್ನ ಮರ್ಮಕ್ಕೇ ತಾಗಿತು. ಅದು ಯುದ್ಧಕ್ಕೆ ಜನವನ್ನೂ ಹಣವನ್ನೂ ಕೊಡುವುದಿಲ್ಲ ಎಂದು ಹೇಳುವ ಸತ್ಯಾಗ್ರಹ.

ಮರ್ಮಕ್ಕೆ ಏಕೆ ತಾಗಿತು ಎಂದು ಹೇಳಿಬಿಡುತ್ತೇನೆ. 2022ರಲ್ಲಿ ಅಗ್ನಿಪಥ ಯೋಜನೆ ಬಂದಾಗ ನನಗೆ 20 ವರ್ಷ. ನಾನೂ ನನ್ನ ಗೆಳೆಯನೂ ಬೆಳಿಗ್ಗೆ ಐದಕ್ಕೆ ಎದ್ದು ನಾಲೆ ಏರಿಯ ಮೇಲೆ ಓಡುತ್ತಿದ್ದೆವು. 1,600 ಮೀಟರ್ ಓಟಕ್ಕೆ ಅವನು ಮೊಬೈಲಿನಲ್ಲಿ ಸಮಯ ನೋಡುತ್ತಿದ್ದ. ಅವನು ಸೇರಿದ, ಈಗ ಉತ್ತರದಲ್ಲೆಲ್ಲೋ ಇದ್ದಾನೆ. ನಾನು ಅರ್ಜಿಯನ್ನೇ ಹಾಕಲಿಲ್ಲ. ಸೋದರಮಾವ ಕೇಳಿದಾಗ, ಇನ್ನೊಬ್ಬರ ಪ್ರಾಣ ತೆಗೆಯುವ ಕೆಲಸಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ ಎಂದೆ. ಮಾವ ಸುಮ್ಮನಾದರು. ಊರಲ್ಲಿ ಕೆಲವರು ಮೆಚ್ಚಿದರು ಕೂಡ. ಗೆಳೆಯನಿಗೂ ಅದನ್ನೇ ಹೇಳಿದ್ದೆ.

ಆದರೆ 2019ರ ಫೆಬ್ರುವರಿಯಲ್ಲಿ ಪುಲ್ವಾಮಾ ದಾಳಿಯಲ್ಲಿ ನಮ್ಮದೇ ತಾಲ್ಲೂಕಿನ ಗುಡಿಗೆರೆಯ ಸಿಆರ್‌ಪಿಎಫ್ ಯೋಧ ಹುತಾತ್ಮರಾದಾಗ, ಜನಸಾಗರದಲ್ಲಿ ನಿಂತು ಅವರ ಅಂತಿಮಯಾತ್ರೆ ನೋಡಿದವನು ನಾನು. ಅಂದು ರಾತ್ರಿ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಸೇಡು ಬೇಕು, ಒಂದಕ್ಕೆ ಹತ್ತು ತಲೆ ಬೇಕು ಎಂದು ಬರೆದವನೂ ನಾನೇ. ಮೂರೇ ವರ್ಷದಲ್ಲಿ ಅಹಿಂಸಾವಾದಿ ಆಗಿದ್ದೆ!

ಇಲ್ಲಿಗೆ ವಿನೋಬಾ ಅವರ ಗೀತಾ ಪ್ರವಚನ ಬಂದು ಸೇರುತ್ತದೆ. 1932ರಲ್ಲಿ ಅವರು ಧುಳೆ ಜೈಲಿನಲ್ಲಿದ್ದಾಗ ಸಹಕೈದಿಗಳಿಗೆ ಗೀತೆಯ ಹದಿನೆಂಟು ಅಧ್ಯಾಯಗಳ ಮೇಲೆ ಮಾತನಾಡಿದರು. ಸಾನೆ ಗುರೂಜಿ ಕೂತು ಬರೆದುಕೊಂಡರು. ಅದಕ್ಕೂ ಮುಂಚೆ ಅವರು ಗೀತೆಯನ್ನು ಸರಳ ಮರಾಠಿ ಪದ್ಯಕ್ಕೆ ತಂದಿದ್ದರು. ಸಂಸ್ಕೃತ ತಿಳಿಯದ ತಾಯಿಯ ಆಸೆ ಅದು. ಆ ತಾಯಿ 1918ರಲ್ಲೇ ತೀರಿಕೊಂಡಿದ್ದರು. ಯುದ್ಧವನ್ನು ಒಪ್ಪದ ಮನುಷ್ಯ ಗೀತೆಯನ್ನು ಹೇಗೆ ಹೇಳುತ್ತಾರೆ ಎಂಬ ಕುತೂಹಲ ನನಗಿತ್ತು. ಅರ್ಜುನ ಬಿಲ್ಲು ಕೆಳಗಿಟ್ಟ, ಕೃಷ್ಣ ಎತ್ತಿಸಿದ. ಹಾಗಾದರೆ ಅಹಿಂಸೆಯ ಪಕ್ಷದಲ್ಲಿದ್ದವನು ಅರ್ಜುನ ತಾನೆ?

ಅಲ್ಲ ಎನ್ನುತ್ತಾರೆ ವಿನೋಬಾ, ಮೊದಲ ಅಧ್ಯಾಯದಲ್ಲೇ. ಅದಕ್ಕೆ ಅವರು ಒಬ್ಬ ನ್ಯಾಯಾಧೀಶನ ಕಥೆ ಹೇಳುತ್ತಾರೆ. ಆತ ನೂರಾರು ಕೊಲೆಗಡುಕರಿಗೆ ಗಲ್ಲು ಬರೆದವನು. ಒಂದು ದಿನ ಕಟಕಟೆಯಲ್ಲಿ ಅವನ ಸ್ವಂತ ಮಗನೇ ನಿಲ್ಲುತ್ತಾನೆ. ಕೊಲೆಯ ಆರೋಪ ಸಾಬೀತಾಗುತ್ತದೆ. ಆಗ ನ್ಯಾಯಾಧೀಶನಿಗೆ ಇದ್ದಕ್ಕಿದ್ದಂತೆ ಮರಣದಂಡನೆ ಅಮಾನುಷ, ನಾಗರಿಕ ಸಮಾಜಕ್ಕೆ ಕಳಂಕ ಎಂದೆಲ್ಲ ಹೊಳೆಯತೊಡಗುತ್ತದೆ. ಆ ಮಾತುಗಳಲ್ಲಿ ಸತ್ಯವಿಲ್ಲ ಎಂದಲ್ಲ. ಆದರೆ ಆತನಿಂದ ಅದನ್ನು ಆಡಿಸುತ್ತಿರುವುದು ಮಗನ ಮೇಲಿನ ಮೋಹ. ಅರ್ಜುನನೂ ಹಾಗೆಯೇ. ಅದಕ್ಕೆ ಮೊದಲು ಎಷ್ಟೋ ಯುದ್ಧ ಮಾಡಿದವನು, ಎದುರಿಗೆ ತನ್ನವರು ನಿಂತಾಗ ಮಾತ್ರ ಯುದ್ಧದ ಕೆಡುಕನ್ನು ವಿವರಿಸತೊಡಗಿದ.

ಇದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಒಂದು ವಾರ ಮುಟ್ಟಲಿಲ್ಲ. ನಾನು ಓಡುವುದು ನಿಲ್ಲಿಸಿದ್ದಕ್ಕೆ ಕಾರಣಗಳಿದ್ದವು. ಮೊಳಕಾಲ ಕೆಳಗಿನ ಮೂಳೆ ನೋವು, ನಾಲ್ಕು ವರ್ಷ ಮುಗಿದ ಮೇಲೆ ನಾಲ್ವರಲ್ಲಿ ಮೂವರು ಮನೆಗೆ ಎಂಬ ಲೆಕ್ಕ, ಗುಡಿಗೆರೆಯ ಅಂದಿನ ದೃಶ್ಯ. ಭಯ ತಪ್ಪಲ್ಲ. ಅದಕ್ಕೆ ಆತ್ಮಸಾಕ್ಷಿ ಎಂದು ಹೆಸರಿಟ್ಟೆನಲ್ಲ, ಅದು ತಪ್ಪು.

ಮತ್ತೆ 1940ಕ್ಕೆ ಬರೋಣ. ಆ ವರ್ಷ ಹಾಗೇಕೆ ಆಯಿತು ಎಂದು ತಿಳಿಯದಿದ್ದರೆ ವಿನೋಬಾ ಮಾಡಿದ್ದರ ತೂಕ ಗೊತ್ತಾಗುವುದಿಲ್ಲ. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಭಾರತದ ನಾಯಕರನ್ನು ಒಂದು ಮಾತೂ ಕೇಳದೆ ಭಾರತವೂ ಯುದ್ಧದಲ್ಲಿದೆ ಎಂದು ಘೋಷಿಸಿದರು. ಭಾರತೀಯರಿಗೆ ಸೇನೆಗೆ ಕಡ್ಡಾಯ ಭರ್ತಿ ಇರಲಿಲ್ಲ. ಹಾಗಿದ್ದರೂ ಯುದ್ಧ ಮುಗಿಯುವ ಹೊತ್ತಿಗೆ ಸೇನೆಯಲ್ಲಿ ಸುಮಾರು 25 ಲಕ್ಷ ಭಾರತೀಯರಿದ್ದರು. ಬಹುಪಾಲು ಹಳ್ಳಿಯ ರೈತರ ಮಕ್ಕಳು. ಕಾನೂನು ಬಲವಂತ ಮಾಡದಿದ್ದರೂ ಹೊಟ್ಟೆ ಮಾಡುತ್ತದೆ. ನಾಲೆ ಏರಿಯ ಮೇಲೆ ಓಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇತ್ತ ಬ್ರಿಟನ್ನಿನಲ್ಲಿ ಕಡ್ಡಾಯ ಭರ್ತಿ ಇತ್ತು, ಜೊತೆಗೆ ಆತ್ಮಸಾಕ್ಷಿಯ ಕಾರಣಕ್ಕೆ ನಿರಾಕರಿಸುವ ದಾರಿಯೂ ಇತ್ತು. ನ್ಯಾಯಮಂಡಳಿಯ ಮುಂದೆ ನಿಂತು ತಾನು ಏಕೆ ಆಯುಧ ಹಿಡಿಯಲಾರೆ ಎಂದು ವಿವರಿಸಬೇಕಿತ್ತು. ಆ ಯುದ್ಧಕಾಲದಲ್ಲಿ ಸುಮಾರು 60 ಸಾವಿರ ಜನ ಹಾಗೆ ಹೆಸರು ನೋಂದಾಯಿಸಿದರು. ಗಾಂಧೀಜಿ ವೈಸ್‌ರಾಯರಲ್ಲಿ ಕೇಳಿದ್ದು, ಯುದ್ಧ ಬೇಡ ಎಂದು ಜನರ ಮುಂದೆ ಮಾತಾಡುವ ಸ್ವಾತಂತ್ರ್ಯ. ನಿಮಗೆ ಬೇಡವಾದರೆ ನೀವು ಹಾಗೆಂದುಕೊಳ್ಳಿ, ಇತರರ ಮನಸ್ಸು ತಿರುಗಿಸಬೇಡಿ ಎಂಬ ಅರ್ಥದ ಉತ್ತರ ಬಂತು. ಗಾಂಧೀಜಿ ಒಪ್ಪಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಇದೇ ಗಾಂಧೀಜಿ 1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ ಬ್ರಿಟಿಷ್ ಸೇನೆಗೆ ಜನ ಸೇರಿಸಲು ತಿರುಗಿದ್ದರು. ಕಂದಾಯ ಸತ್ಯಾಗ್ರಹದಲ್ಲಿ ಪುಕ್ಕಟೆ ಗಾಡಿ ಕಟ್ಟಿಕೊಟ್ಟ ರೈತರು ಈಗ ಬಾಡಿಗೆಗೂ ಗಾಡಿ ಕೊಡಲಿಲ್ಲ. ಕೊನೆಗೆ ಆರೋಗ್ಯ ಕೆಟ್ಟು ಹಾಸಿಗೆ ಹಿಡಿದರು. ಗಾಂಧೀಜಿಯಂಥವರಿಗೂ ಈ ವಿಷಯದಲ್ಲಿ ದಾರಿ ಸಲೀಸಾಗಿ ಸಿಗಲಿಲ್ಲ ಎಂಬುದು ನನಗೆ ಸಮಾಧಾನ ಕೊಟ್ಟ ಸಂಗತಿ.

1940ರಲ್ಲಿ ಅವರು ಬೇರೆ ಲೆಕ್ಕ ಹಾಕಿದರು. ಗುಂಪು ಬೇಡ, ಒಬ್ಬೊಬ್ಬರಾಗಿ. ಅದೂ ಮೊದಲೇ ಅಧಿಕಾರಿಗೆ ತಿಳಿಸಿ. ಮೊದಲಿಗ ಯಾರು? ನೆಹರೂ ಇದ್ದರು. ಆದರೆ ನೆಹರೂ ಎಲ್ಲ ಯುದ್ಧವನ್ನೂ ವಿರೋಧಿಸುವವರಲ್ಲ. ಹಿಟ್ಲರನ ವಿರುದ್ಧ ಸ್ವತಂತ್ರ ಭಾರತ ಹೋರಾಡಬೇಕು ಎಂಬುದು ಅವರ ನಿಲುವು. ತಕರಾರು ಇದ್ದುದು ಗುಲಾಮರಾಗಿ ಹೋರಾಡುವುದರ ಬಗ್ಗೆ. ಕಾಂಗ್ರೆಸ್ಸಿನ ಬಹುತೇಕರೂ ಹಾಗೆಯೇ. ಯಾವ ಯುದ್ಧವಾದರೂ ಬೇಡ, ಸ್ವರಾಜ್ಯ ಕೊಟ್ಟರೂ ಬೇಡ ಎನ್ನುವವರೊಬ್ಬರು ಗಾಂಧೀಜಿಗೆ ಬೇಕಿತ್ತು. ಪೌನಾರಿನಿಂದ ವಿನೋಬಾ ಅವರನ್ನು ಕರೆಸಿ, ಕೈಯಲ್ಲಿರುವ ಕೆಲಸ ಬಿಟ್ಟು ಬರಲು ಸಾಧ್ಯವೇ ಎಂದು ಕೇಳಿದರು. ನಿಮ್ಮ ಕರೆಯೂ ಯಮನ ಕರೆಯೂ ಒಂದೇ, ತಯಾರಿಗೆ ಮನೆಗೆ ಹೋಗಿ ಬರುವ ಅಗತ್ಯವಿಲ್ಲ ಎಂಬರ್ಥದಲ್ಲಿ ವಿನೋಬಾ ಒಪ್ಪಿಕೊಂಡರು. ದೇಶಕ್ಕೆ ಈ ಹೆಸರು ಹೊಸದು. ಈ ಮನುಷ್ಯ ಯಾರೆಂದು ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಲೇಖನ ಬರೆದೇ ಪರಿಚಯಿಸಬೇಕಾಯಿತು.

ಅಕ್ಟೋಬರ್ 17ರಂದು ಪೌನಾರಿನಲ್ಲಿ ವಿನೋಬಾ ಮಾತಾಡಿದರು. ಆಮೇಲೆ ಹಳ್ಳಿಯಿಂದ ಹಳ್ಳಿಗೆ ನಡೆಯುತ್ತ ಅದನ್ನೇ ಹೇಳಿದರು. 21ರಂದು ಬಂಧನವಾಯಿತು, ಮೂರು ತಿಂಗಳ ಸಜೆ. ಬಿಡುಗಡೆಯಾಗಿ ಬಂದರು, ಮತ್ತೆ ಅದೇ ಮಾತು, ಮತ್ತೆ ಜೈಲು. ಹೀಗೆ ಮೂರು ಬಾರಿ. ತಪ್ಪಿಸಿಕೊಳ್ಳುವ ಪ್ರಯತ್ನವಿಲ್ಲ, ಬ್ರಿಟಿಷರ ಮೇಲೆ ದ್ವೇಷದ ಮಾತಿಲ್ಲ, ಸೇನೆಗೆ ಸೇರಿದ ಹುಡುಗರನ್ನು ಹಳಿಯುವುದಿಲ್ಲ. ಅವರ ನಂತರ ನೆಹರೂ, ಆಮೇಲೆ ದೇಶದಾದ್ಯಂತ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಒಬ್ಬೊಬ್ಬರಾಗಿ ಜೈಲಿಗೆ ಹೋದರು. ಯುದ್ಧ ನಿಲ್ಲಲಿಲ್ಲ, ನಿಜ. ಭರ್ತಿಯೂ ನಿಲ್ಲಲಿಲ್ಲ. ಇದೆಂಥ ಹೋರಾಟ ಎಂದು ಆಗಲೇ ನಕ್ಕವರಿದ್ದರು.

ಬೆಂಗಳೂರು-ಮೈಸೂರು ಹಳೆ ಹೆದ್ದಾರಿಯಲ್ಲಿ ಬಸ್ಸು ಹತ್ತಿದಾಗಲೆಲ್ಲ ಶಿವಪುರದ ಸತ್ಯಾಗ್ರಹ ಸೌಧ ಕಾಣಿಸುತ್ತದೆ. 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯ ಅವರ ನಾಯಕತ್ವದಲ್ಲಿ, ನಿಷೇಧಾಜ್ಞೆ ಇದೆ ಎಂದು ಗೊತ್ತಿದ್ದೇ ಧ್ವಜ ಹಾರಿಸಿದ ಜಾಗ. ಅಲ್ಲಿಯೂ ಕದ್ದುಮುಚ್ಚಿ ಹಾರಿಸಲಿಲ್ಲ. ಹಾರಿಸಿ, ಕೈಮುಂದೆ ಮಾಡಿ ನಿಂತರು. ಚಿಕ್ಕಂದಿನಿಂದ ನೋಡಿದ ಆ ಕಟ್ಟಡವನ್ನು ನಾನು ಸ್ವಲ್ಪ ಹೊತ್ತು ದಿಟ್ಟಿಸಿದ್ದು ವಿನೋಬಾ ಅವರನ್ನು ಓದಿದ ಮೇಲೆಯೇ.

ಉಳಿದ ಬದುಕು ನಿಮಗೂ ಪಠ್ಯದಿಂದ ಗೊತ್ತಿರಬಹುದು. ಕ್ವಿಟ್ ಇಂಡಿಯಾ ಕಾಲದ ಜೈಲುವಾಸದಲ್ಲಿ, ವೆಲ್ಲೂರಿನಲ್ಲಿ, ಕನ್ನಡವೂ ಸೇರಿ ದಕ್ಷಿಣದ ನಾಲ್ಕೂ ಭಾಷೆ ಕಲಿತರು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ನೂರು ಎಕರೆ ದಾನ ಸಿಕ್ಕಿತು. ಅಲ್ಲಿಂದ ಭೂದಾನ ಯಾತ್ರೆ, ಹದಿಮೂರು ವರ್ಷ ಕಾಲ್ನಡಿಗೆ. ಸಿಕ್ಕ ಸುಮಾರು 40 ಲಕ್ಷ ಎಕರೆಯಲ್ಲಿ ಎಷ್ಟೋ ಬರಡು, ಎಷ್ಟೋ ವ್ಯಾಜ್ಯದ್ದು, ಎಷ್ಟೋ ಹಂಚದೆ ಉಳಿದದ್ದು. 1957ರಲ್ಲಿ ಮೈಸೂರಿನಾಚೆಯ ಯಲವಾಲದಲ್ಲಿ ಗ್ರಾಮದಾನದ ಸಮ್ಮೇಳನಕ್ಕೆ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರೂ, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾಡ್ ಒಂದೇ ಕಡೆ ಸೇರಿದರು. ಅದಕ್ಕೆ ಸ್ವಲ್ಪ ಮುಂಚೆ ಕೇರಳದಲ್ಲಿ ಅವರು ಶಾಂತಿಸೇನೆ ಕಟ್ಟಿದ್ದರು. ಗಲಭೆ ಎದ್ದಲ್ಲಿ ಆಯುಧವಿಲ್ಲದೆ ನುಗ್ಗಿ, ಏಟು ಬಿದ್ದರೆ ತಿಂದು, ಎರಡು ಗುಂಪಿನ ನಡುವೆ ನಿಲ್ಲುವ ಪಡೆ. ಸೇನೆ ಬೇಡ ಎಂದವರು ಬದಲಿಗೆ ತಾವೇನು ಮಾಡುತ್ತೀರಿ ಎಂಬ ಪ್ರಶ್ನೆಗೆ ಅದು ಅವರ ಉತ್ತರ. ಓದುವಾಗ ಗಮನಿಸಿದೆ, ಅಲ್ಲಿಯೂ ಪ್ರಾಣಭಯ ಇದ್ದೇ ಇದೆ!

ವಿನೋಬಾ ಅವರನ್ನು ದೇವರು ಮಾಡಲು ನನಗೆ ಮನಸ್ಸಿಲ್ಲ. 1962ರಲ್ಲಿ ಚೀನಾ ದಾಳಿ ಮಾಡಿದಾಗ ಅವರು ಅದನ್ನು ಖಂಡಿಸಿದರು. ಆದರೆ 1940ರಂತೆ ಯುದ್ಧವಿರೋಧಿ ಸತ್ಯಾಗ್ರಹಕ್ಕೆ ಕರೆ ಕೊಡಲಿಲ್ಲ. 1975ರ ತುರ್ತುಪರಿಸ್ಥಿತಿಯಲ್ಲಿ ಅವರು ವರ್ಷದ ಮೌನವ್ರತದಲ್ಲಿದ್ದರು. ಅವರು ಬರೆದು ತೋರಿಸಿದ ಚುಟುಕು ಮಾತೊಂದನ್ನು ಸರ್ಕಾರ ತನ್ನ ಸಮರ್ಥನೆಗೆ ಬಳಸಿಕೊಂಡಿತು. ಜಯಪ್ರಕಾಶ ನಾರಾಯಣರಂಥ ಅವರ ಒಡನಾಡಿಗಳೇ ಜೈಲಿನಲ್ಲಿದ್ದಾಗ, ಇಲ್ಲ ಎನ್ನುವುದನ್ನು ಕಲಿಸಿದ ಮನುಷ್ಯ ಏಕೆ ಗಟ್ಟಿಯಾಗಿ ಇಲ್ಲ ಎನ್ನಲಿಲ್ಲ? ಅವರ ಅಭಿಮಾನಿಗಳು ಕೊಡುವ ಸಮಜಾಯಿಷಿಗಳನ್ನು ಓದಿದೆ. ನನಗೆ ಒಪ್ಪಿಗೆಯಾಗಲಿಲ್ಲ. ಆದರೂ 1940ರ ವಿನೋಬಾ ನನ್ನ ಪಾಲಿಗೆ ಸುಳ್ಳಾಗಲಿಲ್ಲ.

1982ರ ನವೆಂಬರಿನಲ್ಲಿ ಕಾಯಿಲೆ ಬಿದ್ದ ಅವರು ಅನ್ನ, ನೀರು, ಔಷಧ ಮೂರನ್ನೂ ನಿಲ್ಲಿಸಿದರು. ಪ್ರಧಾನಿ ಇಂದಿರಾ ಗಾಂಧಿಯವರೇ ಬಂದರೂ ಮನಸ್ಸು ಬದಲಿಸಲಿಲ್ಲ. 15ರಂದು ಪೌನಾರಿನಲ್ಲಿ ತೀರಿಕೊಂಡರು. ಮರುವರ್ಷ ಭಾರತ ರತ್ನ ಬಂತು. ಅದೂ ಒಂದು ಅಂಕದ ಪ್ರಶ್ನೆ.

ಗೆಳೆಯ ಯುಗಾದಿಗೆ ರಜೆಯ ಮೇಲೆ ಬರುತ್ತಿದ್ದಾನೆ. ಮೊನ್ನೆ ಫೋನಿನಲ್ಲಿ, ನಾಲ್ಕು ವರ್ಷ ಮುಗಿದ ಮೇಲೆ ಇಬ್ಬರೂ ಒಂದೇ ಜೆರಾಕ್ಸ್ ಅಂಗಡಿಯಲ್ಲಿ ಸಾಲು ನಿಲ್ಲೋಣ ಬಿಡು ಎಂದು ನಗಾಡಿದ. ನಾನು ಅಂದು ಹೇಳಿದ ಕಾರಣವನ್ನು ಅವನು ಈಗಲೂ ನಂಬಿದ್ದಾನೆ. ಅಲ್ಲಿ ಜೊತೆಯವರ ಹತ್ತಿರವೂ ನನ್ನ ಬಗ್ಗೆ ಗೌರವದಿಂದ ಹೇಳುತ್ತಾನಂತೆ. ಬಂದಾಗ ನಾಲೆ ಏರಿಯ ಮೇಲೆ ಕೂತು ಅವನಿಗೆ ಆ ನ್ಯಾಯಾಧೀಶನ ಕಥೆ ಹೇಳಬೇಕು. ಕಥೆಯ ನ್ಯಾಯಾಧೀಶ ಯಾರು ಎಂದು ಅವನು ಕೇಳಿಯೇ ಕೇಳುತ್ತಾನೆ.