ಜೆಸ್ಸಿ ಓವೆನ್ಸ್ ಕಾಲೇಜು ಸೇರಿದ ಕಥೆ

ಜೆಸ್ಸಿ ಓವೆನ್ಸ್ ಎಂದ ಕೂಡಲೇ ನೆನಪಾಗುವುದು 1936ರ ಬರ್ಲಿನ್ ಒಲಿಂಪಿಕ್ಸ್, ಹಿಟ್ಲರನ ಊರಿನಲ್ಲೇ ಗೆದ್ದ ನಾಲ್ಕು ಚಿನ್ನದ ಪದಕ. ಅದನ್ನು ಬಹಳ ಜನ ಬರೆದಿದ್ದಾರೆ. ನಾನು ಬರೆಯುತ್ತಿರುವುದು ಅವರು ಕಾಲೇಜು ಸೇರಿದ ಕಥೆ. ದ್ವಿತೀಯ ಪಿಯುಸಿಯ ನಮ್ಮಲ್ಲಿ ಜಿಲ್ಲಾ ಮಟ್ಟದಲ್ಲಿ ಓಡಿದವರಿದ್ದಾರೆ, ಕಬಡ್ಡಿ ಆಡಿದವರಿದ್ದಾರೆ. ಸಿಇಟಿಯ ಕ್ರೀಡಾ ಕೋಟಾ, ಮೂಡುಬಿದಿರೆಯ ಆಳ್ವಾಸ್‌ನಲ್ಲಿ ಕ್ರೀಡಾಪಟುಗಳನ್ನು ದತ್ತು ಪಡೆದು ಓದಿಸುವುದು, ಇದೇ ಅವರ ದಿನದ ಮಾತು. ಆ ಗೆಳೆಯರಿಗಾಗಿ ಇದು.

ಓವೆನ್ಸ್ ಹುಟ್ಟಿದ್ದು 1913ರ ಸೆಪ್ಟೆಂಬರ್ 12ರಂದು, ಅಮೆರಿಕದ ಅಲಬಾಮಾ ರಾಜ್ಯದ ಓಕ್‌ವಿಲ್‌ನಲ್ಲಿ. ಅಜ್ಜ ಗುಲಾಮರಾಗಿದ್ದವರು. ತಂದೆ ಹೆನ್ರಿ ಬೇರೆಯವರ ಜಮೀನನ್ನು ವಾರಕ್ಕೆ ಮಾಡುತ್ತಿದ್ದರು. ಮಗನಿಗೆ ಒಂಬತ್ತು ವರ್ಷವಾದಾಗ ಕುಟುಂಬ ಕ್ಲೀವ್‌ಲ್ಯಾಂಡ್ ನಗರಕ್ಕೆ ಬಂತು. ಮನೆಯಲ್ಲಿ ಅವನನ್ನು ಕರೆಯುತ್ತಿದ್ದುದು ಜೆ.ಸಿ. ಎಂದು. ಹೊಸ ಶಾಲೆಯ ಟೀಚರ್‌ಗೆ ಅದು ಜೆಸ್ಸಿ ಎಂದು ಕೇಳಿಸಿತು, ಹೆಸರು ಹಾಗೇ ಉಳಿಯಿತು. ಶಾಲೆ ಬಿಟ್ಟ ಮೇಲೆ ಚಪ್ಪಲಿ ರಿಪೇರಿ ಅಂಗಡಿಯಲ್ಲಿ ಕೆಲಸವಿದ್ದುದರಿಂದ ಸಂಜೆ ಅಭ್ಯಾಸಕ್ಕೆ ಬಿಡುವಿರಲಿಲ್ಲ. ಕೋಚ್ ಚಾರ್ಲ್ಸ್ ರೈಲಿ ಬೆಳಿಗ್ಗೆ ಶಾಲೆಗೆ ಮುಂಚೆಯೇ ಬಂದು ಓಡಿಸಿದರು. ಫಜರ್ ಮುಗಿಸಿ ನೇರ ಮೈದಾನಕ್ಕೆ ಹೋಗುವ ನಮ್ಮ ಹುಡುಗರಿಗೆ ಇದರ ಕಷ್ಟ ಗೊತ್ತು.

1933ರಲ್ಲಿ ಶಿಕಾಗೋದ ಅಂತರಶಾಲಾ ಕೂಟದಲ್ಲಿ ಓವೆನ್ಸ್ 100 ಗಜವನ್ನು 9.4 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಸಮ ಮಾಡಿದರು. ಇನ್ನೂ ಹೈಸ್ಕೂಲು ವಿದ್ಯಾರ್ಥಿ! ಹಲವು ವಿಶ್ವವಿದ್ಯಾಲಯಗಳು ಅವರ ಹಿಂದೆ ಬಿದ್ದವು. ತಂದೆಗೊಂದು ಕೆಲಸ ಗೊತ್ತಾದ ಮೇಲೆ ಅವರು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಒಪ್ಪಿಕೊಂಡರು. ಮನೆ ನಡೆಯಬೇಕಲ್ಲ.

ಆದರೆ ಅವರಿಗೆ ವಿದ್ಯಾರ್ಥಿವೇತನ ಸಿಗಲಿಲ್ಲ. ಕಪ್ಪು ಹುಡುಗರಿಗೆ ಕ್ಯಾಂಪಸ್ ಹಾಸ್ಟೆಲ್‌ನಲ್ಲಿ ಜಾಗವಿರಲಿಲ್ಲ, ಹೊರಗೆ ರೂಮು ಹಿಡಿದರು. ಖರ್ಚಿಗೆ ರಾಜ್ಯ ಶಾಸನಸಭೆಯ ಕಟ್ಟಡದಲ್ಲಿ ಸರಕಿನ ಲಿಫ್ಟ್ ನಡೆಸಿದರು. ಪಂದ್ಯಕ್ಕೆ ಪ್ರಯಾಣ ಹೋದಾಗ ಬಿಳಿಯ ಆಟಗಾರರು ಊಟ ಮಾಡುವ ಹೋಟೆಲಿನೊಳಗೆ ಇವರಿಗೆ ಪ್ರವೇಶವಿರಲಿಲ್ಲ. 1935ರ ಮೇ 25ರಂದು ಆನ್ ಆರ್ಬರ್‌ನಲ್ಲಿ, ಬೆನ್ನು ನೋವಿದ್ದರೂ, ಸುಮಾರು 45 ನಿಮಿಷಗಳಲ್ಲಿ ಮೂರು ವಿಶ್ವದಾಖಲೆ ಬರೆದು ಇನ್ನೊಂದನ್ನು ಸಮ ಮಾಡಿದ್ದು ಇದೇ ವಿದ್ಯಾರ್ಥಿ. ಅಂದಿನ 8.13 ಮೀಟರ್ ಉದ್ದಜಿಗಿತವನ್ನು 1960ರವರೆಗೆ ಯಾರೂ ದಾಟಲಿಲ್ಲ. ಈ ನಡುವೆ ಓದು ಹಿಂದೆ ಬಿತ್ತು.

ಈಗ ಅಮೆರಿಕದಲ್ಲಿ ಪದ್ಧತಿ ಬೇರೆ. ಆಟಗಾರರನ್ನು ಕೋಚ್‌ಗಳು ಮೊದಲೇ ಗುರುತಿಸುತ್ತಾರೆ. ಅನೇಕ ಖಾಸಗಿ ಕಾಲೇಜುಗಳು ಅವರಿಂದ ನವೆಂಬರ್‌ನಲ್ಲೇ ಅರ್ಜಿ ಹಾಕಿಸಿ ಡಿಸೆಂಬರ್‌ನಲ್ಲಿ ತೀರ್ಮಾನ ಹೇಳುತ್ತವೆ. ಈ ಬಗೆಯ ಅರ್ಜಿಯಲ್ಲಿ ಆಯ್ಕೆಯಾದರೆ ಬೇರೆ ಕಡೆಯ ಅರ್ಜಿ ವಾಪಸು ಪಡೆಯಬೇಕು. ಸೀಟು ಕೊಡುವುದು ಮಾತ್ರ ಪ್ರವೇಶ ವಿಭಾಗ, ಅಂಕ ನೋಡಿಯೇ. ಕೋಚ್ ಬಾಯಿಮಾತಿನಲ್ಲಿ ಹೇಳಿದ್ದು ಸೀಟಲ್ಲ. ನಮ್ಮಲ್ಲೂ ಟ್ರಯಲ್ಸ್‌ನಲ್ಲಿ ಯಾರಾದರೂ ಬೆನ್ನು ತಟ್ಟಿದರೆ ಸೀಟು ಸಿಕ್ಕಿತೆಂದು ಸಿಹಿ ಹಂಚುವವರಿದ್ದಾರೆ. ಫೀಸು, ಹಾಸ್ಟೆಲ್, ಗಾಯವಾದರೆ ಸೀಟು ಉಳಿಯುತ್ತದೆಯೇ, ಇವನ್ನು ಬರಹದಲ್ಲಿ ಕೇಳಿ ಪಡೆಯುವವರು ಕಡಿಮೆ. ಕೇಳಿದರೆ ಅಹಂಕಾರ ಎಂದುಕೊಳ್ಳುತ್ತಾರೆ ಎಂಬ ಹೆದರಿಕೆ ಬೇರೆ.

ಬರ್ಲಿನ್‌ನಿಂದ ಬಂದ ಓವೆನ್ಸ್ ಪದವಿ ಮುಗಿಸಲಿಲ್ಲ. ಒಲಿಂಪಿಕ್ಸ್ ನಂತರದ ಪ್ರವಾಸವನ್ನು ಅರ್ಧಕ್ಕೆ ಬಿಟ್ಟರೆಂದು ಕ್ರೀಡಾ ಸಂಸ್ಥೆ ಅವರನ್ನು ಹವ್ಯಾಸಿ ಕೂಟಗಳಿಂದ ಹೊರಗಿಟ್ಟಿತು. ಹೊಟ್ಟೆಪಾಡಿಗೆ ಕುದುರೆಗಳ ಜೊತೆ ಓಡಿದರು. ಲಾಂಡ್ರಿ ವ್ಯಾಪಾರ ಹಾಕಿ ದಿವಾಳಿಯಾದರು. 1940ರಲ್ಲಿ, ಮಕ್ಕಳ ತಂದೆಯಾಗಿ, ಅದೇ ವಿಶ್ವವಿದ್ಯಾಲಯಕ್ಕೆ ಮತ್ತೆ ಸೇರಿದರು. ನನಗೆ ಬರ್ಲಿನ್‌ಗಿಂತ ದೊಡ್ಡದಾಗಿ ಕಾಣುವುದು ಇದೇ. ಅಷ್ಟು ಹೆಸರಿದ್ದವರು ಚಿಕ್ಕವರ ನಡುವೆ ಬೆಂಚಿನ ಮೇಲೆ ಕೂತರು. ಅಂಕ ಸಾಲಲಿಲ್ಲ, ಬಿಡಬೇಕಾಯಿತು.

1972ರಲ್ಲಿ ಓಹಾಯೋ ಸ್ಟೇಟ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1980ರ ಮಾರ್ಚ್ 31ರಂದು ಅವರು ತೀರಿಕೊಂಡರು. ಇಂದು ಆ ಕ್ಯಾಂಪಸ್ಸಿನ ಅಥ್ಲೆಟಿಕ್ಸ್ ಕ್ರೀಡಾಂಗಣಕ್ಕೆ ಅವರದೇ ಹೆಸರು.